ಗಿರಣಿ ಮನೆಯ ಗಿಟಾರು ಪೆಟ್ಟಿಗೆಗಳು

ಅಪ್ಪನ ಕಿವಿ ಹೋಗುತ್ತಿದ್ದಾಗ ನಾವು ಅವನಿಗೆ ಪೆಟ್ಟಿಗೆ ಬದಲಿಸಿಕೊಡುತ್ತ ಹೋದೆವು. ಪೆಟ್ಟಿಗೆ ಎಂದರೆ ಗಿಟಾರಿಗೆ ಹಚ್ಚುವ ಆಂಪ್ಲಿಫೈಯರು. ಆ ಉದ್ದನೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ವಾಯರು ಚುಚ್ಚಿದರೆ ಹಾಡು ಬರುವ ಪೆಟ್ಟಿಗೆ, ಅಷ್ಟೆ. ಕೆಟ್ಟಿರುವುದು ಪೆಟ್ಟಿಗೆಯಲ್ಲ ಎಂಬುದು ಮೊದಮೊದಲು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಕ್ಕನ ಮದುವೆಯ ಹಂದರದಲ್ಲಿ ಒಂದು ಹಾಡು ನುಡಿಸಬೇಕು, ಅದು ತನ್ನ ಮನಸ್ಸಿನಲ್ಲಿದ್ದ ನಾದದಲ್ಲೇ ಬರಬೇಕು ಎಂಬುದು ಅವನ ಆಸೆಯಾಗಿತ್ತು. ಅವನು ನುಡಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರಿಗೆ ಕೊನೆಯತನಕ ಆಸೆ ಹಚ್ಚಿ ಕೂರಿಸುವುದು ನನಗೆ ಸೇರುವುದಿಲ್ಲ. ಅದನ್ನು ನಮ್ಮ ಮನೆಯಲ್ಲೇ ಸಾಕಷ್ಟು ನೋಡಿದ್ದೇನೆ.

ಸವಣೂರಿನ ನಮ್ಮ ಮನೆಯಲ್ಲಿ ಮುಂದೆ ಗಿರಣಿ, ಹಿಂದೆ ನಾವು. ರಸ್ತೆಗೆ ಹತ್ತಿದ ದೊಡ್ಡ ಕೋಣೆಯಲ್ಲಿ ಜೋಳ, ಗೋದಿ ಬೀಸುವ ಕಲ್ಲು, ಅದರ ಮಗ್ಗುಲಿಗೆ ಖಾರ ಕುಟ್ಟುವ ಮಷೀನು. ಅದನ್ನು ದಾಟಿದರೆ ಪಡಸಾಲೆ, ಅದರ ಬದಿಗೆ ಮಲಗುವ ಖೋಲಿ, ಪಡಸಾಲೆ ದಾಟಿದರೆ ಅಡುಗೆಮನೆ. ಬೆಳಿಗ್ಗೆ ಅಪ್ಪ ಗಾಲಿಗೆ ಪಟ್ಟಾ ಏರಿಸಿ ಮೋಟಾರು ಹಾಕಿದನೆಂದರೆ ಗೋಡೆಯ ಗೂಡಿನಲ್ಲಿದ್ದ ಕುಂಕುಮದ ಭರಣಿ ತಾನಾಗಿಯೇ ಸರಿದಾಡುತ್ತಿತ್ತು. ಹಿಟ್ಟು ಎಲ್ಲಿ ಇರಲಿಲ್ಲ! ದೇವರ ಫೋಟೋದ ಮೇಲೆ, ಹಾಸಿಗೆಯ ಮಡಿಕೆಯಲ್ಲಿ, ನನ್ನ ಜಡೆಯಲ್ಲಿ. ಸಾಲೆಯಲ್ಲಿ ನನ್ನನ್ನು ಮುದುಕಿ ಎಂದು ಕರೆಯುತ್ತಿದ್ದರು. ಬೇಸಿಗೆಯಲ್ಲಿ ಮೆಣಸಿನಕಾಯಿ ಬರತೊಡಗಿದರೆ ಮನೆಮಂದಿಯೆಲ್ಲ ಸೀನುತ್ತಲೇ ಉಣ್ಣುತ್ತಿದ್ದೆವು. ಆದರೆ ನಮ್ಮನ್ನು ನಾವಾಗಿ ಮಾಡಿದ್ದು ಹಿಟ್ಟೂ ಅಲ್ಲ, ಖಾರವೂ ಅಲ್ಲ, ಆ ಸದ್ದು. ಮೆಲ್ಲಗೆ ಮಾತಾಡುವುದು ಎಂಬುದೇ ನಮ್ಮಲ್ಲಿ ಇರಲಿಲ್ಲ. ಉಪ್ಪು ಕೊಡು ಎನ್ನುವುದನ್ನೂ ಕೂಗಿಯೇ ಹೇಳಬೇಕು. ಗಿರಣಿ ನಿಂತ ಮೇಲೂ ಗಂಟಲು ಇಳಿಯುತ್ತಿರಲಿಲ್ಲ. ಹೊಸದಾಗಿ ಬಂದವರು ಒಳಗೆ ಜಗಳ ನಡೆದಿದೆ ಎಂದುಕೊಂಡು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ನಾನು ಮದುವೆಯಾಗಿ ಹಾನಗಲ್ಲಿಗೆ ಬಂದ ಹೊಸತರಲ್ಲಿ ನಮ್ಮತ್ತೆ, ಸೊಸೆ ಎದುರು ಮಾತಾಡುತ್ತಾಳೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಆಕೆಗೆ ಚಹಾ ಬೇಕೇನು ಎಂದು ಕೇಳಿದ್ದೆ, ಅಷ್ಟೆ.

ಇಂಥ ಮನೆಯಲ್ಲಿ ಒಬ್ಬನ ಕಿವಿ ಹೋದರೆ ಗೊತ್ತಾಗುವುದು ಹೇಗೆ? ಬೇರೆಯವರ ಮನೆಯಲ್ಲಾಗಿದ್ದರೆ, ಯಾಕೋ ಎರಡೆರಡು ಸಲ ಕರೆಯಬೇಕಾಗುತ್ತಿದೆಯಲ್ಲ ಎಂದು ಯಾರಾದರೂ ಹುಬ್ಬೇರಿಸುತ್ತಿದ್ದರು. ನಾವು ಹುಟ್ಟಿದಾಗಿನಿಂದ ಕೂಗಿಯೇ ಕರೆಯುತ್ತಿದ್ದೆವು, ಅವನು ಕೂಗಿಯೇ ಓಗೊಡುತ್ತಿದ್ದ. ನಮ್ಮ ಗಂಟಲೇ ಅವನ ಕಿವುಡನ್ನು ಮುಚ್ಚಿಟ್ಟಿತು. ಇವತ್ತಿಗೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಹೇಳಲಾರೆ.

ಗಿಟಾರು ನಮ್ಮ ಮನೆಗೆ ಬಂದದ್ದು ಹುಬ್ಬಳ್ಳಿಯಿಂದ. ಅಪ್ಪ ಅಲ್ಲಿ ಗಿರಣಿ ಕೆಲಸ ಕಲಿಯುತ್ತಿದ್ದಾಗ ಪಕ್ಕದ ಖೋಲಿಯಲ್ಲಿದ್ದ ಆರ್ಕೆಸ್ಟ್ರಾದವನೊಬ್ಬ ಅವನಿಗೆ ನುಡಿಸುವುದನ್ನು ಕಲಿಸಿದ್ದನಂತೆ. ಊರು ಬಿಡುವಾಗ ತನ್ನ ಹಳೆಯ ಕೆಂಪು ಗಿಟಾರನ್ನು ಇವನಿಗೇ ಕೊಟ್ಟುಹೋದ. ಅದು ಹಿಟ್ಟು ತಾಗದಂತೆ ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಕೊಂಡು ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಖಂಡೇನವಮಿಯ ದಿನ ಗಿರಣಿಯ ಕಲ್ಲು, ಪಟ್ಟಾ, ತೂಕದ ಬಟ್ಟುಗಳ ಸಾಲಿನಲ್ಲಿ ಗಿಟಾರಿಗೂ ಅದರ ಪೆಟ್ಟಿಗೆಗೂ ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದೆವು. ಮದುವೆಯ ದಿನಗಳಲ್ಲಿ ಅಪ್ಪ ಮೈಯ ಹಿಟ್ಟು ತೊಳೆದು, ತಲೆಗೆ ಎಣ್ಣೆ ಹಚ್ಚಿ, ಚನ್ನಬಸು ಮಾಸ್ತರರ ಆರ್ಕೆಸ್ಟ್ರಾದ ಟೆಂಪೋ ಹತ್ತುತ್ತಿದ್ದ. ಮಾಸ್ತರರು ಹಾರ್ಮೋನಿಯಂ ಹಿಡಿದು ಹಾಡುವವರು, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಬಂಕಾಪುರ, ಶಿಗ್ಗಾವಿ, ಹಿರೇಕೆರೂರು ಎಂದು ತಿರುಗಿ ಬಂದ ಮರುದಿನ ಅಪ್ಪನ ಮುಖದಲ್ಲಿ ಹಿಟ್ಟಿನ ಕೆಳಗೂ ಒಂದು ಕಳೆ ಇರುತ್ತಿತ್ತು. ಹಗಲೆಲ್ಲ ಕಲ್ಲಿನ ಕೈಯಲ್ಲಿ ಬದುಕಿದ ಮನುಷ್ಯನಿಗೆ ಅದೊಂದೇ ತನ್ನದು ಎನ್ನುವ ಹೊತ್ತಾಗಿತ್ತು.

ತನಗೆ ಬೇಕಾದ ನಾದ ಎಂಥದು ಎಂದು ಅವನು ನನಗೆ ಹೇಳಿದ್ದು ಊಟಕ್ಕೆ ಕೂತಾಗ. ಅವ್ವನ ಕಟಕ್ ರೊಟ್ಟಿಯ ಒಂದು ಚೂರು ಮುರಿದು ನನ್ನ ಕಿವಿಯ ಹತ್ತಿರ ಹಿಡಿದ.

"ಅಂಚು ನೋಡು, ಕಟಕ್ ಅಂತೈತಿ. ನಡುವ ನೋಡು, ಮೆತ್ತಗೈತಿ. ಗಿಟಾರಿನ ಸಪ್ಪಳ ಹಿಂಗ ಇರಬೇಕು ಶಾರೀ. ಬರೇ ಅಂಚಿದ್ರ ಕಿವಿ ಕೊಯ್ತೈತಿ. ಬರೇ ಮೆತ್ತಗಿದ್ರ ನಿದ್ದಿ ಬರತೈತಿ."

"ಉಣ್ಣೂ ರೊಟ್ಟಿ ಕಿವಿಗೆ ಹಿಡೀಬ್ಯಾಡ್ರಿ," ಎಂದು ಒಲೆಯ ಮುಂದಿನಿಂದ ಅವ್ವ ಕೂಗಿದಳು.

ಆ ನಾದ ಕೊಡುವ ಪೆಟ್ಟಿಗೆಯನ್ನು ಮೊದಲು ಕಟ್ಟಿಕೊಟ್ಟವರು ಖಾದರ್ ಕಾಕಾ. ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವರು ಅಪ್ಪನ ಜೀವದ ಗೆಳೆಯ. ಹಳೆಯ ರೇಡಿಯೋದ ಗಾಜಿನ ವಾಲ್ವುಗಳನ್ನು ಹಾಕಿ, ಹಲಗೆ ಬಡಿದು ಮಾಡಿದ ಪೆಟ್ಟಿಗೆ ಅದು. ಗುಂಡಿ ಒತ್ತಿದ ಕೂಡಲೇ ಮಾತಾಡುತ್ತಿರಲಿಲ್ಲ. ಕೆಂಪು ದೀಪ ಹತ್ತಿ, ಒಳಗಿನ ವಾಲ್ವು ಕಾದು, ಸುಟ್ಟ ಹಿಟ್ಟಿನ ವಾಸನೆ ಬಂದು, ಆಮೇಲೆ ಗುಂಯ್ ಎನ್ನುತ್ತಿತ್ತು. ಸಂಜೆ ಗಿರಣಿ ನಿಂತು, ಹಾರಿದ ಹಿಟ್ಟೆಲ್ಲ ಕೆಳಗೆ ಕೂತ ಮೇಲೆ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅಪ್ಪ ಅಡುಗೆಮನೆಯ ಹೊಸ್ತಿಲ ಈಚೆ ಪೆಟ್ಟಿಗೆ ಇಟ್ಟುಕೊಂಡು ಅವಳ ಬಡಿತಕ್ಕೆ ಸರಿಯಾಗಿ ನುಡಿಸುತ್ತಿದ್ದ. ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮೇಲೆ ಪಟಪಟ ಕೈ, ಅದರ ಮೇಲೆ ಗಿಟಾರು. ಅವ್ವ ಬೇಕೆಂದೇ ಬಡಿತ ಜೋರು ಮಾಡಿದರೆ ಅವನೂ ಓಡುತ್ತಿದ್ದ. ಅವಳು ಹಿಟ್ಟು ಹಚ್ಚಲು ತಡೆದರೆ ಅವನೂ ತಡೆದು ಕಾಯುತ್ತಿದ್ದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೂಗದೆ ಮಾತಾಡಿದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ಆಮೇಲೆ ಅಂಚು ಹೋಯಿತು. ಯಾವ ದಿನ ಎಂದು ಹೇಳಲಾಗದು. ಒಂದು ಸಂಜೆ ಅಪ್ಪ ನುಡಿಸುವುದನ್ನು ನಿಲ್ಲಿಸಿ, ಪೆಟ್ಟಿಗೆಯ ಮುಂದೆ ಬಗ್ಗಿ, ಇದರ ಅಂಚು ಎಲ್ಲೋ ಹೋಗೇತಿ ಎಂದ. ನಮಗೆ ಏನೂ ಹೋದಂತೆ ಕೇಳಿಸಲಿಲ್ಲ. ಆದರೆ ನಾದದ ವಿಷಯದಲ್ಲಿ ಅವನು ಹೇಳಿದ್ದೇ ಕೊನೆಯ ಮಾತು. ಮೊದಲು ಅವನು ದೂರಿದ್ದು ಪಡಸಾಲೆಯಲ್ಲಿ ಪೇರಿಸಿಟ್ಟ ಜೋಳದ ಚೀಲಗಳನ್ನು.

"ಈ ಚೀಲ ಸಪ್ಪಳ ನುಂಗಾಕತ್ತಾವ. ಎಲ್ಲಾ ತಗದು ಮಲಗೂ ಖೋಲ್ಯಾಗ ಇಡ್ರಿ."

"ಹಂಗಾದ್ರ ನಾವೆಲ್ಲಿ ಮಲಗೂಣ್ರಿ?" ಎಂದಳು ಅವ್ವ.

"ಚೀಲದ ಮ್ಯಾಲೆ ಮಲಕ್ಕೋರಿ!"

ಅವ್ವ ಅವತ್ತು ಅಪ್ಪನ ತಾಟನ್ನು ನೆಲಕ್ಕೆ ಕುಕ್ಕಿ ಬಡಿಸಿದಳು. ಆದರೂ ಚೀಲಗಳು ಒಳಗೆ ಹೋದವು. ಅಕ್ಕ ಮತ್ತು ನಾನು ಒಂದಿಡೀ ಮಳೆಗಾಲ ಜೋಳದ ಚೀಲಗಳ ಮೇಲೆ ಮಲಗಿದೆವು. ಗೋಣಿಯ ಅಚ್ಚು ಬೆಳಿಗ್ಗೆ ಗಲ್ಲದ ಮೇಲೆ ಮೂಡಿರುತ್ತಿತ್ತು. ಪಡಸಾಲೆ ಬರಿದಾಗಿ, ಮಾತಾಡಿದರೆ ಮಾರ್ದನಿ ಬರುತ್ತಿತ್ತು. ಅಂಚು ಮಾತ್ರ ಬರಲಿಲ್ಲ.

ಚೀಲದ ಮೇಲಿನ ಸಿಟ್ಟು ಪೆಟ್ಟಿಗೆಯ ಮೇಲೆ ತಿರುಗಿತು. ಖಾದರ್ ಕಾಕಾ ವಾಲ್ವು ಬದಲಿಸಿದರು, ಸ್ಪೀಕರಿನ ಕಾಗದ ಬದಲಿಸಿದರು. ಕೊನೆಗೆ ಹುಬ್ಬಳ್ಳಿಯಿಂದ ವಾಲ್ವು ಇಲ್ಲದ ಹೊಸ ಮಾದರಿಯ ಪೆಟ್ಟಿಗೆ ತಂದರು. ಅದು ಕಾಯುತ್ತಿರಲಿಲ್ಲ, ಗುಂಯ್ ಎನ್ನುತ್ತಿರಲಿಲ್ಲ. ಅಪ್ಪ ಎರಡು ತಂತಿ ಮೀಟಿ, ನೀರು ಕುಡಿದ ರೊಟ್ಟಿ ಇದ್ದಂಗೈತಿ ಎಂದು ಮುಖ ಹಿಂಡಿದ. ಆಮೇಲೆ ಕಪಾಟಿನಂಥ ದೊಡ್ಡದೊಂದು ಬಂತು. ಅದನ್ನು ಇಟ್ಟ ಮೇಲೆ ಪಡಸಾಲೆಯಲ್ಲಿ ಅಡ್ಡ ನಡೆಯಬೇಕಾಯಿತು. ಆರಿಸುವುದಕ್ಕೆ ಅವನದೇ ಒಂದು ಶಾಸ್ತ್ರವಿತ್ತು. ಅಂಗಡಿಯಲ್ಲಿ ಕೇಳಿ ತರಬಾರದು, ನಮ್ಮ ಮನೆಯ ಗೋಡೆಗಳ ನಡುವೆ ಇಟ್ಟು ಕೇಳಬೇಕು. ನೆಲದ ಮೇಲೆ ಇಡಬಾರದು, ಸ್ಟೂಲಿನ ಮೇಲೆ ಇಡಬೇಕು, ಇಲ್ಲವಾದರೆ ನೆಲವೂ ಹಾಡುತ್ತದೆ. ದನಿ ಏರಿಸಿ ನೋಡಬಾರದು, ಇಳಿಸಿ ನೋಡಬೇಕು, ಏಕೆಂದರೆ ಮೆಲ್ಲಗೆ ನುಡಿಸಿದಾಗಲೂ ಅಂಚು ಉಳಿಸಿಕೊಳ್ಳುವ ಪೆಟ್ಟಿಗೆಯೇ ಪೆಟ್ಟಿಗೆ. ಇದನ್ನೆಲ್ಲ ಅವನು ನನಗೆ ಕೂಗಿ ಕೂಗಿ ಕಲಿಸಿದ. ಈಗಿನ ಅಂಗಡಿಗಳಲ್ಲಿ ಮೊಬೈಲಿನ ಮೇಲೆ ಬೆರಳಾಡಿಸಿದರೆ ಒಂದೇ ಪೆಟ್ಟಿಗೆ ಬೇಕಾದ ನಾದವನ್ನೆಲ್ಲ ಕೊಡುತ್ತದಂತೆ. ಕೊಡಲಿ. ಅಪ್ಪನ ಶಾಸ್ತ್ರದಲ್ಲಿ ತಪ್ಪಿರಲಿಲ್ಲ. ಆದರೆ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅವನು ದನಿ ಇಳಿಸಿ ನೋಡುವುದು ಕಡಿಮೆಯಾಗುತ್ತ ಬಂತು. ಇಳಿಸಿದರೆ ಅವನಿಗೆ ಏನೂ ಉಳಿಯುತ್ತಿರಲಿಲ್ಲ.

ಇದೇ ಹೊತ್ತಿಗೆ ಹಂಸಭಾವಿಯ ಕಡೆಯಿಂದ ಅಕ್ಕನಿಗೆ ಗಂಡು ಗೊತ್ತಾಯಿತು, ಮದುವೆ ಅವರ ಊರಲ್ಲೇ ಎಂದಾಯಿತು. ಬೀಗರು ಇನ್ನೂ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿರುವಾಗಲೇ ಅಪ್ಪ ಅವರ ಕಿವಿ ಹಾರಿಹೋಗುವಂತೆ ಸಾರಿದ.

"ಅಕ್ಕಿಕಾಳು ಬಿದ್ದ ಮ್ಯಾಲೆ ನನ್ನ ಮಗಳಿಗೆ ನಾನು ಒಂದು ಹಾಡು ನುಡಸಾಂವ. ಅಷ್ಟರಾಗ ಪೆಟಗಿ ಒಂದು ಸರಿ ಮಾಡ್ಕೊಂಡು ಬಿಡ್ತೇನಿ."

ಬೀಗರು ಬೆಚ್ಚಿ, ನಮ್ಮವ್ವನ ಮುಖ ನೋಡಿ, ಆಗಲಿ ಎಂದರು. ಅಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಅದೇ ವರ್ಷ ಶಿಗ್ಗಾವಿಯ ಒಂದು ಮದುವೆಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದ. ದೊಡ್ಡ ಪೆಟ್ಟಿಗೆಯ ಗುಂಡಿಗಳನ್ನೆಲ್ಲ, ಅದರಲ್ಲೂ ಅಂಚು ಹೆಚ್ಚಿಸುವ ಗುಂಡಿಯನ್ನು, ಕೊನೆಯತನಕ ತಿರುಗಿಸಿಟ್ಟಿದ್ದ. ಮೊದಲ ತಂತಿ ಮೀಟಿದ್ದೇ ತಡ, ಊಟದ ಪಂಕ್ತಿಯಲ್ಲಿದ್ದವರು ತುತ್ತು ಬಿಟ್ಟು ಕಿವಿ ಮುಚ್ಚಿಕೊಂಡರು. ಬಾಣಂತಿಯೊಬ್ಬಳು ಕೂಸನ್ನು ಎತ್ತಿಕೊಂಡು ಹೊರಗೆ ಓಡಿದಳು. ನಾನು ಹಂದರದ ಗಳದ ಹತ್ತಿರ ನಿಂತಿದ್ದೆ. ನೋವು ಹಲ್ಲಿನತನಕ ಇಳಿಯಿತು. ಅಪ್ಪ ಮಾತ್ರ ಕಣ್ಣು ಮುಚ್ಚಿ, ತಲೆ ಓಲಾಡಿಸುತ್ತ, ಇನ್ನೂ ಸ್ವಲ್ಪ ಸಾಲದು ಎಂಬಂತೆ ಹುಬ್ಬು ಗಂಟಿಕ್ಕಿಕೊಂಡು ನುಡಿಸುತ್ತಿದ್ದ. ಚನ್ನಬಸು ಮಾಸ್ತರರು ಹಾರ್ಮೋನಿಯಂ ಬಿಟ್ಟು ಎದ್ದು ಬಂದು ತಾವೇ ಗುಂಡಿ ಇಳಿಸಿದರು. ಅಪ್ಪ ಮತ್ತೆ ಏರಿಸಿದ. ಆ ಮದುವೆಮನೆಯ ಹಿರಿಯರೊಬ್ಬರು ಬಂದು ಮಾಸ್ತರರ ಕಿವಿಯಲ್ಲಿ ಏನೋ ಹೇಳಿದರು. ಮುಂದಿನ ಹಾಡುಗಳಿಗೆ ಗಿಟಾರು ಬೇಕಾಗಲಿಲ್ಲ. ಅಪ್ಪ ವೇದಿಕೆಯ ಮೂಲೆಯಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಜನ ತನ್ನನ್ನು ನೋಡುತ್ತಿದ್ದಾರೆಂದು ನನ್ನ ಕಡೆ ನೋಡಿ ನಕ್ಕ. ಆ ನಗು ನನಗೆ ಬೇಡವಾಗಿತ್ತು.

ಟೆಂಪೋದಲ್ಲಿ ಮಾಸ್ತರರು ಮೆತ್ತಗೆ ಹೇಳಿ ನೋಡಿದರು.

"ಈರಣ್ಣಾ, ಒಂದೀಟು ದಿನಾ ಆರಾಮ ತಗೋರಿ. ಮಗಳ ಮದಿವಿ ಕೆಲಸಾನೂ ಅದಾವಲ್ಲ."

ಅಪ್ಪನಿಗೆ ಕೇಳಿಸಿದ್ದು ಎಷ್ಟೋ. ಮನೆಗೆ ಬಂದವನು, ಮಾಸ್ತರನಿಗೆ ಹೊಟ್ಟೆಕಿಚ್ಚು ಎಂದು ಅಂಗಳದಲ್ಲಿ ನಿಂತು ಕೂಗಾಡಿದ. ಆಮೇಲೆ ಟೆಂಪೋ ನಮ್ಮ ಬಾಗಿಲಿಗೆ ಬರಲಿಲ್ಲ.

ನಿಜ ಮೊದಲು ತಿಳಿದದ್ದು ಖಾದರ್ ಕಾಕಾರಿಗೆ. ಅಪ್ಪನ ಕಾಟ ತಾಳಲಾರದೆ ಅವರು ಪೆಟ್ಟಿಗೆಯೊಳಗೆ ಇನ್ನೊಂದು ಪುಟ್ಟ ಸ್ಪೀಕರು ಕೂರಿಸಿದ್ದರು. ಅಂಚಿನ ಸದ್ದನ್ನಷ್ಟೇ ಹೊರಡಿಸುವ, ಅಂಗೈಯೊಳಗೆ ಹಿಡಿಸುವಂಥದು. ಒಂದು ದಿನ ಅಪ್ಪ ನುಡಿಸುತ್ತಿರುವಾಗ ಕಾಕಾ ಪೆಟ್ಟಿಗೆಯ ಹಿಂದೆ ಕೂತು ಏನೋ ಸರಿಪಡಿಸುತ್ತಿದ್ದರು. ಅವರ ಕೈ ತಾಗಿ ಆ ಪುಟ್ಟ ಸ್ಪೀಕರಿನ ವಾಯರು ಕಳಚಿತು. ನನಗೂ ಅಕ್ಕನಿಗೂ ನಾದ ತಟ್ಟನೆ ಮಂಕಾದದ್ದು ಕೇಳಿಸಿತು, ಕೌದಿ ಹೊದಿಸಿದ ಹಾಗೆ. ಅಪ್ಪ ನುಡಿಸುತ್ತಲೇ ಇದ್ದ. ಕಾಕಾ ವಾಯರನ್ನು ಮತ್ತೆ ಹಚ್ಚಿದರು, ಮತ್ತೆ ತೆಗೆದರು. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಾಕಾ ವಾಯರನ್ನು ಹಚ್ಚಿಟ್ಟು ಎದ್ದರು. ಆಮೇಲೆ ನೀರು ಕುಡಿಯುವ ನೆವ ಮಾಡಿ ಅಡುಗೆಮನೆಗೆ ಬಂದರು.

"ಅಕ್ಕಾರ, ಪೆಟಗ್ಯಾಗ ಏನೂ ಇಲ್ಲರಿ. ಈರಣ್ಣನ ಕಿವಿ ಹೋಗ್ಯಾವು. ಗಿರಣಿ ಸಪ್ಪಳ ತಿಂದೈತಿ. ಡಾಕ್ಟರಿಗೆ ತೋರಿಸೂಣು, ನಾ ಹೇಳ್ತೇನಿ ಅವಂಗ."

ಅವ್ವ ಒಲೆಯ ಬೂದಿಯನ್ನು ಕೆದಕುತ್ತ ಕೂತಳು. 

"ಹೇಳಬ್ಯಾಡ್ರಿ ಅಣ್ಣಾರ. ಪೆಟಗಿ ಕೆಟ್ಟೈತಿ ಅಂದ್ರ ಇನ್ನೊಂದು ಪೆಟಗಿ ಸಿಗತೈತಿ ಅಂತ ಎದ್ದು ಓಡ್ಯಾಡ್ತಾರ. ಕಿವಿ ಕೆಟ್ಟಾವು ಅಂದ್ರ ಅವರು ಎಲ್ಲಿಗೆ ಹೋಗಬೇಕು? ಮದಿವಿ ಒಂದು ಮುಗೀಲಿ."

ಕಾಕಾ ತಂಬಿಗೆಯ ನೀರನ್ನು ಕುಡಿಯದೆ ಇಟ್ಟುಹೋದರು. ಅಕ್ಕ ಅವ್ವನ ಮೇಲೆ ಹರಿಹಾಯ್ದಳು. ಜನರೆಲ್ಲರ ಮುಂದೆ ಅಪ್ಪ ನಗೆಗೀಡಾಗಬೇಕೇನು, ಇಂದೇ ಹೇಳಿಬಿಡು ಎಂದಳು. ಜಗಳ ನಡೆದದ್ದು ಅಪ್ಪನ ಬೆನ್ನ ಹಿಂದೆಯೇ, ಪಡಸಾಲೆಯಲ್ಲಿ, ಎಂದಿನ ನಮ್ಮ ದೊಡ್ಡ ಗಂಟಲಿನಲ್ಲೇ. ಅಪ್ಪ ಹೊಸ್ತಿಲ ಮೇಲೆ ಕೂತು ತಂತಿ ಒರೆಸುತ್ತಿದ್ದ. ಅವನ ವಿಷಯವನ್ನು ಅವನ ಮಗ್ಗುಲಲ್ಲೇ ಕೂಗಿ ಜಗಳಾಡುತ್ತಿದ್ದೇವೆಂಬುದು ಹೊಳೆದ ಕೂಡಲೇ ಇಬ್ಬರೂ ತಟ್ಟನೆ ಮಾತು ನಿಲ್ಲಿಸಿದರು. ಅವನು ತಿರುಗಿಯೂ ನೋಡಲಿಲ್ಲ. ಅಕ್ಕ ಅವತ್ತಿನಿಂದ ಹೇಳಬೇಕೆಂಬ ಮಾತು ಎತ್ತಲಿಲ್ಲ.

ಮುಂದೆ ಪ್ರತಿ ಸಂಜೆ ಅವನು ನುಡಿಸಿ, ಹೆಂಗೈತಿ ಎಂದು ಕೇಳುವನು. ಚಲೋ ಐತಿ, ಇನ್ನೊಂದೀಟು ಅಂಚು ಬರಬೇಕು, ಎಂದು ಅವ್ವ ಹೇಳುವಳು. ಎಷ್ಟು ಹೇಳಿದರೆ ಅವನ ಆಸೆ ಉಳಿದೀತು, ಎಷ್ಟು ಹೇಳಿದರೆ ಅನುಮಾನ ಬಂದೀತು ಎಂಬುದನ್ನು ಅವಳು ಸಾರಿಗೆ ಉಪ್ಪು ಹಾಕುವಷ್ಟು ಹದವಾಗಿ ಅಳೆಯುತ್ತಿದ್ದಳು. ಅದರಿಂದ ನನಗಾದದ್ದು ಇಷ್ಟು: ಇಂದಿಗೂ ಯಾರಾದರೂ ನನ್ನ ಮುಖ ನೋಡಿ ಚೆನ್ನಾಗಿದೆ ಎಂದರೆ ನಂಬಲು ನನಗೆ ಬರುವುದಿಲ್ಲ. ಅಡುಗೆ ಚೆನ್ನಾಗಿದೆ ಎಂದರೂ ಸರಿ, ಆರೋಗ್ಯ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ಸರಿ. ನನ್ನ ಬೆನ್ನ ಹಿಂದೆ ಇವರೆಲ್ಲ ಸೇರಿ ಯಾವ ವಾಯರು ಕಳಚಿಟ್ಟಿದ್ದಾರೋ ಎಂದು ಮನಸ್ಸು ಹುಡುಕುತ್ತದೆ.

ಗಿರಣಿಯಲ್ಲಿ ಮಾತ್ರ ಸುಳ್ಳು ನಡೆಯಲಿಲ್ಲ. ಮೇಲಿನ ಕಾಳು ಮುಗಿಯುತ್ತ ಬಂದರೆ ಕಲ್ಲಿನ ದನಿ ತೆಳ್ಳಗಾಗುತ್ತದೆ. ಬೀಸುವವನು ಆ ದನಿ ಕೇಳಿ ಕಾಳು ಸುರಿಯಬೇಕು, ಇಲ್ಲವೇ ಕಲ್ಲು ಎತ್ತಬೇಕು. ಇಲ್ಲದಿದ್ದರೆ ಕಲ್ಲಿಗೆ ಕಲ್ಲು ತಾಗಿ ಹಿಟ್ಟು ಸುಡುತ್ತದೆ. ಅಪ್ಪ ಅಂಗಳದಲ್ಲಿ ನಿಂತು ಎಲೆ ಹಾಕಿಕೊಳ್ಳುತ್ತಿದ್ದರೂ ಆ ದನಿ ತಿರುಗಿದ ಕೂಡಲೇ ಒಳಗೆ ಓಡುತ್ತಿದ್ದವನು. ಈಗ ಕಲ್ಲಿನ ಮಗ್ಗುಲಲ್ಲೇ ನಿಂತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಓಣಿಯ ಹಿರೇಮನಿ ಅಮ್ಮ ಒಂದು ದಿನ ಡಬ್ಬಿ ತಂದು ಕಟ್ಟೆಯ ಮೇಲಿಟ್ಟಳು.

"ಈರಣ್ಣಾ, ಹಿಟ್ಟು ಮೂಸಿ ನೋಡು. ಕಮರು ವಾಸನಿ ಬರಾಕತ್ತೈತಿ. ನನ್ನ ಮೊಮ್ಮಕ್ಕಳು ರೊಟ್ಟಿ ಮುಟ್ಟವಲ್ವು."

ಅಪ್ಪ ಮೂಸಿದ. ಕಲ್ಲಿನ ತಪ್ಪು, ಕಾಳು ನುರಿಸುವ ಅದರ ಮುಳ್ಳು ಸವೆದಿವೆ ಎಂದು ಅವತ್ತೇ ಕಲ್ಲು ಕಳಚಿ ಉಳಿ ಹಿಡಿದು ಕೂತ. ಟಕ್ ಟಕ್ ಎಂದು ಅದಕ್ಕೆ ಹೊಸ ಮುಳ್ಳು ಹೊಡೆಯುತ್ತಿದ್ದ ಅವನ ಬೆನ್ನನ್ನು ನೋಡುತ್ತ ಅವ್ವ ಬಾಗಿಲಲ್ಲಿ ನಿಂತಿದ್ದಳು. ಮರುದಿನದಿಂದ ಅಡುಗೆ ಅಕ್ಕನದಾಯಿತು. ಅವ್ವ ಹಗಲೆಲ್ಲ ಗಿರಣಿಯಲ್ಲಿ ಅಪ್ಪನ ಹಿಂದೆ ನಿಲ್ಲತೊಡಗಿದಳು. ಕಲ್ಲಿನ ದನಿ ತಿರುಗಿದರೆ ಅವನ ಭುಜ ತಟ್ಟುತ್ತಿರಲಿಲ್ಲ. ತಾನೇ ಮುಂದೆ ಬಂದು ಕಾಳು ಸುರಿಯುತ್ತಿದ್ದಳು. ನೀ ಯಾಕೆ ಸುಮ್ಮನೆ ನಡುವೆ ಬರುತ್ತೀ ಎಂದು ಅಪ್ಪ ಗದರಿದರೆ, ಹೊರಗಿನ ಗಾಳಿ ಬೇಕಾಗಿದೆ ಎನ್ನುತ್ತಿದ್ದಳು. ಗಿರಣಿಯಲ್ಲಿ ಗಾಳಿಯೇ! ಅವನು ಅದನ್ನೂ ನಂಬಿದ.

ರೊಟ್ಟಿ ಬಡಿಯುವುದನ್ನು ಮಾತ್ರ ಅವ್ವ ಅಕ್ಕನಿಗೆ ಬಿಡಲಿಲ್ಲ, ಏಕೆಂದರೆ ಅಪ್ಪ ಆ ಹೊತ್ತಿಗೆ ಗಿಟಾರು ತೆಗೆದುಕೊಂಡು ಹೊಸ್ತಿಲ ಈಚೆ ಬಂದು ಕೂಡುವುದು ತಪ್ಪಿರಲಿಲ್ಲ. ಅವನು ಈಗ ಹೊಸದೊಂದು ರೀತಿಯಲ್ಲಿ ಕೂಡುತ್ತಿದ್ದ. ಬಗ್ಗಿ, ಗಿಟಾರಿನ ಮೇಲಂಚಿಗೆ ದವಡೆಯನ್ನು ಒತ್ತಿ ನುಡಿಸುತ್ತಿದ್ದ. ನಾವು ಅದನ್ನು ಅವನ ತನ್ಮಯತೆ ಎಂದುಕೊಂಡಿದ್ದೆವು. ಒಂದು ಸಂಜೆ ಅವ್ವ ಕೊಣಮಿಗೆಯ ಮೇಲೆ ಎಂದಿನ ಹಾಗೆ ಪಟಪಟ ಬಡಿಯುತ್ತಿದ್ದಳು. ಅಪ್ಪ ತಾಳಕ್ಕಾಗಿ ಕಾಯುವವನಂತೆ ಕೈ ಎತ್ತಿಕೊಂಡು ಕೂತಿದ್ದ. ಕಾದ. ಅವಳ ಅಂಗೈಯನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ.

"ಯಾಕ ಇಷ್ಟು ಮೆಲ್ಲಗ ಬಡ್ಯಾಕತ್ತಿ?"

ಅಕ್ಕ ತಟ್ಟನೆ ಹಿತ್ತಲಿಗೆ ಎದ್ದುಹೋದಳು. ಅವ್ವನ ಕೈ ಒಂದು ಗಳಿಗೆ ಹಿಟ್ಟಿನ ಮೇಲೆ ನಿಂತಿತು. ಅವಳು ಮತ್ತೆ ಬಡಿಯತೊಡಗಿದಳು, ಇನ್ನೂ ಜೋರಾಗಿ, ರೊಟ್ಟಿ ನಡುವೆ ಹರಿಯುವಷ್ಟು ಜೋರಾಗಿ. ಅಪ್ಪನ ಮುಖದಲ್ಲಿ ಅದೇ ಪ್ರಶ್ನೆ. ಆಗ ಅವಳು ಕೈ ಹಿಂತೆಗೆದುಕೊಂಡು ಕೂಗಿ ಹೇಳಿದಳು.

"ಕೈ ನೋಯಾಕತ್ತೈತ್ರಿ. ಅದಕ್ಕ."

ಅಪ್ಪ ಗಿಟಾರು ಬದಿಗಿಟ್ಟ. ಎಣ್ಣೆಯನ್ನು ಸೌಟಿನಲ್ಲಿ ಒಲೆಗೆ ಹಿಡಿದು ಕಾಯಿಸಿದ. ಅವ್ವನ ಮುಂದೆ ಕೂತು, ಏನೂ ಆಗಿರದ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿಗೂ ಎಣ್ಣೆ ತಿಕ್ಕಿದ. ಗಿರಣಿಯಲ್ಲಿ ಬಂದು ನಿಲ್ಲುವುದರಿಂದಲೇ ಹೀಗಾಗಿದೆ, ನಾಳೆಯಿಂದ ಬರಬೇಡ ಎಂದು ಬೈದ. ಅವ್ವ ಮುಖವನ್ನು ಒಲೆಯ ಕಡೆ ತಿರುಗಿಸಿಕೊಂಡು ಕೂತಿದ್ದಳು. ಹೊಗೆ ಎಂದಳು, ಯಾರೂ ಕೇಳದೆಯೇ. ಅವತ್ತಿನಿಂದ ದಿನವೂ ರೊಟ್ಟಿಗೆ ಮೊದಲು ಅಪ್ಪ ಎಣ್ಣೆ ಕಾಯಿಸತೊಡಗಿದ. ಅವ್ವ ಕೈ ಕೊಡುತ್ತಿದ್ದಳು. ಮದುವೆಯ ಸೀರೆ, ಹಪ್ಪಳ, ಸಂಡಿಗೆ ಎಂದು ಮನೆ ತುಂಬಿಕೊಳ್ಳುತ್ತಿರುವಾಗ ನಾನು ಈ ಎಣ್ಣೆಯ ವಾಸನೆ ಬಂದರೆ ಹಿತ್ತಲಿನ ಬಾವಿಕಟ್ಟೆಗೆ ಹೋಗಿ ಕೂಡುತ್ತಿದ್ದೆ.

ಮದುವೆಯ ಮುಂಚಿನ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ನಮ್ಮ ಗಿರಣಿ ಮುಚ್ಚಿರುತ್ತದೆ. ಕಲ್ಲು ತೊಳೆದು, ಕುಂಕುಮವಿಟ್ಟು, ಕಾಯಿ ಒಡೆದು ಬಿಡುತ್ತೇವೆ. ಎಲ್ಲ ಪೆಟ್ಟಿಗೆಗಳನ್ನೂ ಒಲ್ಲೆನೆಂದ ಅಪ್ಪ ಅವತ್ತು ಮೊದಲನೆಯದನ್ನೇ, ಖಾದರ್ ಕಾಕಾ ಕಟ್ಟಿದ ಹಳೆಯ ವಾಲ್ವಿನ ಪೆಟ್ಟಿಗೆಯನ್ನು, ಅಟ್ಟದಿಂದ ಇಳಿಸಿ ಒರೆಸಿ ಸ್ಟೂಲಿನ ಮೇಲಿಟ್ಟಿದ್ದ. ಕಾಕಾ ಸೋಲ್ಡರ್ ಮಾಡಿ ಮುಗಿಸಿ, ಗೋಡೆಗೆ ಒರಗಿ ಕೂತಿದ್ದರು. ಹೋಳಿಗೆ ಉಂಡು ಎದ್ದ ಮಧ್ಯಾಹ್ನ. ಪಡಸಾಲೆಯಲ್ಲಿ ಬೆಳಕು ಚೆನ್ನಾಗಿತ್ತು. ಅವ್ವ ಉಳಿದ ಕಣಕ ನಾದುತ್ತ ಅಡುಗೆಮನೆಯ ಬಾಗಿಲಲ್ಲಿದ್ದಳು. ಅಪ್ಪ ಕಣ್ಣು ಮುಚ್ಚಿ, ಗಿಟಾರಿಗೆ ದವಡೆ ಒತ್ತಿ, ಅಕ್ಕನ ಮದುವೆಗೆಂದು ಆರಿಸಿಟ್ಟ ಹಾಡು ಶುರುಮಾಡಿದ. ಪೆಟ್ಟಿಗೆ ದಪ್ಪ ದನಿಯಲ್ಲಿ ಗುಡುಗುತ್ತಿತ್ತು. ಅಪ್ಪನ ಹುಬ್ಬು ಎಂದಿನಂತೆ ಗಂಟಿಕ್ಕಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದ ಮನೆಯ ಟೇಪ್ ರೆಕಾರ್ಡರಿನ ಹಾಡು ನಡುವೆಯೇ ನಿಂತಿತು. ನಮ್ಮ ಪೆಟ್ಟಿಗೆಯ ಕೆಂಪು ದೀಪ ಆರಿತು, ನಾದ ಕುಸಿಯುತ್ತ ಕುಸಿಯುತ್ತ ಇಲ್ಲವಾಯಿತು. ಉಳಿದದ್ದು ಬರಿಯ ತಂತಿಯ ಸಣ್ಣ ಟಣಟಣ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಂಥದು. ಅಪ್ಪ ನಿಲ್ಲಿಸಲಿಲ್ಲ. ಅವನ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು. ಗುಡುಗುತ್ತಿದ್ದ ದಪ್ಪ ದನಿ ಇಲ್ಲವಾಗಿ, ಒತ್ತಿ ಹಿಡಿದ ದವಡೆಯ ಎಲುಬಿನಿಂದ ತಂತಿಯ ಸದ್ದಷ್ಟೇ ಅವನ ಒಳಗೆ ಹೋಗುತ್ತಿತ್ತೆಂದು ಈಗ ತಿಳಿಯುತ್ತದೆ. ಆಗ ನಮಗೆ ಕಂಡದ್ದು ಅವನ ಮುಖ ಮಾತ್ರ. ಅಂಥ ಮುಖ ಎಷ್ಟೋ ದಿನದಿಂದ ಕಂಡಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡೇ ಮನೆ ಹಾರಿಹೋಗುವಂತೆ ಕೂಗಿದ.

"ಬಂತು! ಅಂಚು ಬಂತು ನೋಡ ಶಾರೀ! ಇದ ಪೆಟಗಿ, ಇದನ್ನ ಒಯ್ಯೂಣು ಹಂಸಭಾವಿಗೆ! ಕೇಳಸ್ತಿಲ್ಲೋ?"

ಖಾದರ್ ಕಾಕಾ ತಲೆ ತಗ್ಗಿಸಿದರು. ಅಕ್ಕ ನನ್ನ ಕೈ ಹಿಡಿದಳು. ಅವ್ವ ಕಣಕದ ಕೈಯಲ್ಲೇ ಬಾಗಿಲು ಹಿಡಿದುಕೊಂಡು ಕೂಗಿದಳು.

"ಹೌದ್ರಿ! ಅಂಚು ಬಂತು!"

ಅಪ್ಪ ಕಣ್ಣು ತೆರೆದು ಅವಳತ್ತ ನಕ್ಕ. ಹಾಗೇ ಪೆಟ್ಟಿಗೆಯನ್ನು ತಟ್ಟಲು ಕೈ ಚಾಚಿದ. ಕೆಂಪು ದೀಪ ಇರಲಿಲ್ಲ. ಗುಂಡಿ ಮುಟ್ಟಿ ನೋಡಿದ. ಗೋಡೆಯ ಸ್ವಿಚ್ಚು ನೋಡಿದ, ಹಾಕಿಯೇ ಇತ್ತು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಅವನು ದವಡೆಯನ್ನು ದೂರವಿಟ್ಟು ಒಂದು ತಂತಿ ಮೀಟಿದ. ದವಡೆಯನ್ನು ಒತ್ತಿ ಮತ್ತೆ ಮೀಟಿದ. ಮತ್ತೆ ದೂರವಿಟ್ಟ. ಆಮೇಲೆ ಅವನ ಕಣ್ಣು ಅವ್ವನ ಕೈಯ ಮೇಲೆ ಹೋಗಿ ನಿಂತಿತು. ಅವನು ಮಾತಾಡಿದಾಗ ಯಾರ ದನಿ ಇದು ಎನಿಸಿತು. ನಮ್ಮ ಮನೆಯಲ್ಲಿ ಅಷ್ಟು ಮೆಲ್ಲಗೆ ಯಾರೂ ಎಂದೂ ಮಾತಾಡಿರಲಿಲ್ಲ.

"ನಿನ್ನ ಕೈ ನೋಯ್ತಿದ್ದಿಲ್ಲ, ಹೌದಲ್ಲ?"

ಅವ್ವ ಕೂಗಲಿಲ್ಲ. ತುಟಿ ಅಲುಗಿಸಿ ಇಲ್ಲ ಎಂದಳು. ಅಪ್ಪ ಆ ತುಟಿಯನ್ನು ನೋಡಿ ತಲೆಯಾಡಿಸಿದ. ಗಿಟಾರನ್ನು ಸೀರೆಯಲ್ಲಿ ಸುತ್ತಿ, ಸೆರಗಿನ ತುದಿಯನ್ನು ನೀಟಾಗಿ ಒಳಸೇರಿಸಿ, ಗೂಟಕ್ಕೆ ಹಾಕಿದ. ಬಂದು ಪೆಟ್ಟಿಗೆಯ ಮಗ್ಗುಲಲ್ಲಿ, ಖಾಲಿ ಪಡಸಾಲೆಯ ನಡುವೆ ಕೂತ. ಖಾದರ್ ಕಾಕಾ ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಚಪ್ಪಲಿ ಹಾಕಿಕೊಂಡು ಹೋದರು. ಹೊರಗೆ ಬಿಸಿಲು ಇಳಿಯಿತು. ಕರೆಂಟು ಬಂತು. ಪಕ್ಕದ ಮನೆಯ ಹಾಡು ನಿಂತಲ್ಲಿಂದಲೇ ಶುರುವಾಯಿತು. ಅಪ್ಪನ ಬೆನ್ನ ಹಿಂದೆ ಪೆಟ್ಟಿಗೆಯ ಕೆಂಪು ದೀಪ ಹತ್ತಿ, ವಾಲ್ವು ಕಾದು, ಅದು ಗುಂಯ್ ಎನ್ನತೊಡಗಿತು. ಗುಂಯ್ ಎನ್ನುತ್ತಲೇ ಇತ್ತು. ಅಪ್ಪ ಅಂಗಳದ ಕಡೆ ನೋಡುತ್ತ ಕೂತೇ ಇದ್ದ. ದೀಪ ಹಚ್ಚುವ ಹೊತ್ತಿಗೆ ಅವ್ವ ಬಂದು, ಕೈಯಲ್ಲಿ ಹಿಟ್ಟಿದ್ದುದರಿಂದ, ಮೊಣಕೈಯಿಂದ ಸ್ವಿಚ್ಚು ಆರಿಸಿದಳು. ಆರಿಸಿದ್ದು ಅವನಿಗೆ ಗೊತ್ತಾಗಲಿಲ್ಲ.